ಸಹಿ ಹಾಕಿದವರು ನನ್ನನ್ನು ಓದಿಲ್ಲ!

ವಾಸ, ಕಾನೂನು ವಿಭಾಗದ ಕಬ್ಬಿಣದ ಬೀರು. ಮೈತುಂಬ ಸೀಲು, ಪುಟಪುಟಕ್ಕೂ ಸಹಿ. ಏಜೆನ್ಸಿ ಕೈಕೊಟ್ಟ ದಿನ ಮಾತ್ರ ಎಲ್ಲರಿಗೂ ನೆನಪಾಗುವ ಶ್ರೀಮಾನ್ ಹೊರಗುತ್ತಿಗೆ ಕರಾರುಪತ್ರ ಅವರು ಮೊನ್ನೆ ಧೂಳು ಕೊಡವಿಕೊಂಡು ಮಾತಿಗೆ ಸಿಕ್ಕರು.

ಪ್ರಶ್ನೆ: ಕಂಪನಿಗಳು ನಿಮ್ಮನ್ನು ಇಷ್ಟೊಂದು ನಂಬುವುದು ಯಾಕೆ?

ಕರಾರುಪತ್ರ: ನನ್ನನ್ನೆಲ್ಲಿ ನಂಬ್ತಾರೆ ಸ್ವಾಮಿ! ನಂಬೋದು ಕೊನೇ ಪುಟದ ರೇಟನ್ನ. ಸಂಬಳ, ಪಿಎಫ್, ತಲೆನೋವು ಎಲ್ಲಾ ಹೊರಗೆ ಸಾಗಹಾಕಿದ್ವಿ ಅಂತ ಮೀಟಿಂಗಲ್ಲಿ ಚಪ್ಪಾಳೆ. ಉಳಿತಾಯಕ್ಕೆ ಲೆಕ್ಕದಲ್ಲೊಂದು ಕಾಲಮ್ಮಿದೆ, ಅಪಾಯಕ್ಕಿಲ್ಲ.

ಪ್ರಶ್ನೆ: ನಷ್ಟ ತುಂಬಿಕೊಡುವ ಷರತ್ತು ನಿಮ್ಮಲ್ಲೇ ಇದೆಯಲ್ಲ?

ಕರಾರುಪತ್ರ: ಇದೆ. ಅದರ ಕೆಳಗೇ ‘ಹೊಣೆಗಾರಿಕೆಯ ಮಿತಿ’ ಅಂತ ಇನ್ನೊಂದಿದೆ, ಅಕ್ಷರ ಸ್ವಲ್ಪ ಸಣ್ಣದು. ಅಮೆರಿಕದ ಡೆಲ್ಟಾ ವಿಮಾನ ಕಂಪನಿಯವರನ್ನ ಕೇಳಿ. 2024ರ ಜುಲೈ 19ರಂದು ಸೈಬರ್ ಭದ್ರತಾ ಕಂಪನಿ ಕ್ರೌಡ್‌ಸ್ಟ್ರೈಕ್ ಕಳಿಸಿದ ಒಂದು ಎಡವಟ್ಟು ಅಪ್‌ಡೇಟಿಗೆ ಜಗತ್ತಿನಾದ್ಯಂತ ಸುಮಾರು 85 ಲಕ್ಷ ಕಂಪ್ಯೂಟರು ಮಲಗಿದವು. ಡೆಲ್ಟಾದ 7,000 ವಿಮಾನಯಾನ ರದ್ದು; 50 ಕೋಟಿ ಡಾಲರ್ ನಷ್ಟ ಅಂತ ಅವರ ಲೆಕ್ಕ. ಕ್ರೌಡ್‌ಸ್ಟ್ರೈಕ್ ವಕೀಲರು ನನ್ನ ದಾಯಾದಿಯನ್ನ ತೆಗೆದು ತೋರಿಸಿದ್ರು: ಹೊಣೆಯ ಮಿತಿ ಒಂದು ಕೋಟಿ ಡಾಲರಿಗೂ ಕಡಿಮೆ! ಡೆಲ್ಟಾ ಕೋರ್ಟು ಮೆಟ್ಟಿಲು ಹತ್ತಿತು.

ಪ್ರಶ್ನೆ: ಮಿತಿಯೇ ಇಲ್ಲದ ದಂಡ ಬರೆಸಿಕೊಂಡರೆ?

ಕರಾರುಪತ್ರ: ಧಾರಾಳವಾಗಿ ಬರೆಸಿ. ವಸೂಲಿಗೆ ಆಸಾಮಿ ಉಳಿದಿರಬೇಕಲ್ಲ? ಬ್ರಿಟನ್ನಿನ ಕ್ಯಾರಿಲಿಯನ್ ಕಂಪನಿ ಆಸ್ಪತ್ರೆ ಕ್ಲೀನಿಂಗು, ಶಾಲೆ ಊಟ, ಜೈಲು ರಿಪೇರಿ ಎಲ್ಲಾ ಗುತ್ತಿಗೆ ಹಿಡಿದಿತ್ತು. 2018ರ ಜನವರಿಯಲ್ಲಿ ಮುಳುಗಿದಾಗ ತಲೆ ಮೇಲೆ ಸುಮಾರು 700 ಕೋಟಿ ಪೌಂಡ್ ಹೊರೆ, ಕೈಲಿದ್ದ ನಗದು 2.9 ಕೋಟಿ. ಕೆಲಸ ನಿಲ್ಲಬಾರದು ಅಂತ ಸರ್ಕಾರವೇ 15 ಕೋಟಿ ಪೌಂಡ್ ತೆಗೆದಿಟ್ಟಿತು. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಅಂತಾರಲ್ಲ, ಇಲ್ಲಿ ಈರಭದ್ರನೇ ದಿವಾಳಿ.

ಪ್ರಶ್ನೆ: ನಮ್ಮ ದೇಶದಲ್ಲಿ?

ಕರಾರುಪತ್ರ: ಏಜೆನ್ಸಿಯವನು ಸಂಬಳ ಕೊಡದೆ ಫೋನ್ ಆಫ್ ಮಾಡಿದ್ರೆ, ಕೆಲಸ ಮಾಡಿಸಿಕೊಂಡ ಕಂಪನಿಯೇ ಕೊಡಬೇಕು. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ ಹೇಳಿದ್ದೂ ಅದನ್ನೇ, ಹೊಸ ಕಾರ್ಮಿಕ ಸಂಹಿತೆ ಹೇಳೋದೂ ಅದನ್ನೇ. ಏಜೆನ್ಸಿಗೆ ಬಿಲ್ಲು ಪಾವತಿಸಿ ಆಗಿದ್ರೆ ಒಂದೇ ಕೆಲಸಕ್ಕೆ ಎರಡು ಸಲ ದುಡ್ಡು. ಆಮೇಲೆ ಅವನಿಂದ ವಸೂಲಿ ಮಾಡಿಕೊಳ್ಳಬಹುದು. ಸಿಕ್ಕರೆ.

ಪ್ರಶ್ನೆ: ದೊಡ್ಡ ಏಜೆನ್ಸಿಯಾದರೆ ನಿಶ್ಚಿಂತೆಯೇ?

ಕರಾರುಪತ್ರ: ದೊಡ್ಡವನ ಬಾಗಿಲಲ್ಲಿ ಎಲ್ಲರೂ ಕ್ಯೂ ನಿಂತಿರ್ತಾರೆ, ಅದೇ ತಾಪತ್ರಯ. ಟಿಸಿಎಸ್ ಮತ್ತು ಎಸ್‌ಬಿಐ ಜಂಟಿಯಾಗಿ ಕಟ್ಟಿದ, ಬ್ಯಾಂಕುಗಳಿಗೆ ತಂತ್ರಜ್ಞಾನ ಒದಗಿಸುವ ಸಿ-ಎಡ್ಜ್ ಮೇಲೆ 2024ರ ಜುಲೈ ಕೊನೆಗೆ ರ‍್ಯಾನ್ಸಮ್‌ವೇರ್ ದಾಳಿಯಾಯ್ತು. ಚಿಲ್ಲರೆ ಪಾವತಿ ಜಾಲ ನಡೆಸುವ ಎನ್‌ಪಿಸಿಐ ಅದರ ಸಂಪರ್ಕ ಕಡಿದದ್ದೇ, ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರ ಪಾವತಿ ನಿಂತುಹೋಯ್ತು. ಹುಳುಕು ಎಲ್ಲೋ, ಗ್ರಾಹಕರಿಗೆ ಉತ್ತರ ಹೇಳಬೇಕಾದವರು ಬ್ಯಾಂಕಿನವರು.

ಪ್ರಶ್ನೆ: ಹಾಗಾದರೆ ಪರಿಹಾರ?

ಕರಾರುಪತ್ರ: ಗುತ್ತಿಗೆದಾರನ ಲೆಕ್ಕಪತ್ರ ವರ್ಷಾವರ್ಷ ನೋಡಿ. ಸಂಬಳ, ಪಿಎಫ್ ಕಟ್ಟಿದ ರಸೀದಿ ಕೈಗೆ ಬಂದ ಮೇಲೆ ಬಿಲ್ಲು ಪಾಸು ಮಾಡಿ. ಅವನು ಉಪಗುತ್ತಿಗೆ ಯಾರಿಗೆ ಕೊಟ್ಟಿದ್ದಾನೆ ತಿಳ್ಕೊಳ್ಳಿ. ಆ ಕೆಲಸ ಬಲ್ಲ ಇಬ್ಬರನ್ನಾದರೂ ಕಂಪನಿಯಲ್ಲೇ ಉಳಿಸಿಕೊಳ್ಳಿ. ಎಲ್ಲಾ ನನ್ನೊಳಗೇ ಬರೆದಿದೆ.

ಪ್ರಶ್ನೆ: ಯಾರಾದರೂ ಓದಿದ್ದಾರಾ?

ಕರಾರುಪತ್ರ: ಓದಿದ್ದಾರೆ. ಏಜೆನ್ಸಿಯ ವಕೀಲರು.

ಪ್ರಶ್ನೆ: ನಿಮ್ಮ ಮುಂದಿನ ಯೋಜನೆ?

ಕರಾರುಪತ್ರ: ನವೀಕರಣ. ಅದೇ ಏಜೆನ್ಸಿ, ಅದೇ ಷರತ್ತು, ರೇಟು ಮಾತ್ರ ಅವರು ಹೇಳಿದ್ದು.

ಪ್ರಶ್ನೆ: ಇಷ್ಟಾದ ಮೇಲೂ? ಬೇರೆಯವರನ್ನು ಹುಡುಕಬಾರದೇ?

ಕರಾರುಪತ್ರ: ಆ ಕೆಲಸ ಗೊತ್ತಿದ್ದವರನ್ನೆಲ್ಲ ನಾವು ಉಳಿತಾಯ ಅಂತ ಮನೆಗೆ ಕಳಿಸಿ ಆಯ್ತಲ್ಲ. ಹೊಸಬರು ಹೇಗೆ ಅಂತ ಈಗ ಏಜೆನ್ಸಿಯವರನ್ನೇ ಕೇಳಬೇಕು. ಕೇಳಿದ್ವಿ. ಯಾರೂ ಸರಿಯಿಲ್ಲವಂತೆ.