ಭಗವಂತನ ಲೆಕ್ಕಕ್ಕ ಬರೀಬ್ಯಾಡ್ರಿ

ಇಲ್ರಿ ವೈನಿ, ಈ ಮಾತು ನಾ ಒಪ್ಪೂದಿಲ್ಲ. ‘ಆ 19 ಮಂದಿ ಹಣ್ಯಾಗ ಅಷ್ಟ ಬರದಿತ್ತು’ ಅಂದುಬಿಟ್ರ ನಮಗ ಹಗುರ ಆಗ್ತೈತಿ, ಅಷ್ಟ.

2019ರ ಮಾರ್ಚ್ 19, ಹೋಳಿ ಹುಣ್ಣಿವಿ ಎದುರಿಗಿತ್ತು. ನಮ್ಮ ಧಾರವಾಡದ ಕುಮಾರೇಶ್ವರ ನಗರದಾಗ ಹಾಡಹಗಲ ಬಿಲ್ಡಿಂಗ್ ಕುಸದು ಬಿತ್ತು, ಆ 19 ಮಂದಿ ಸತ್ರು. ಕೆಳಗ ಅಂಗಡಿ ಚಾಲೂ ಆಗಿದ್ವು, ಮ್ಯಾಲೆ ಇನ್ನೂ ಕೆಲಸ ನಡದಿತ್ತು. ಆ ಕಂಬ ಎಬ್ಬಿಸಿದಾವ ದೇವರೇನ್ರಿ? ಮ್ಯಾಲೆ ಮ್ಯಾಲೆ ಅಂತಸ್ತು ಏರಿಸಿದಾವ? ಮಾಲಕರ ಮ್ಯಾಲೆ, ಎಂಜಿನಿಯರ್ ಮ್ಯಾಲೆ ಕೇಸಾತು. ಮನಿಷ್ಯಾರು ಮಾಡಿದ್ದನ್ನ ಭಗವಂತನ ಲೆಕ್ಕಕ್ಕ ಬರದ್ರ ಅದು ಅವನ ನಿಂದಾನ ಅಂತೀನಿ ನಾ.

ಹಂಗಾದ್ರ ದೇವರು ಯಾಕ ತಡೀಲಿಲ್ಲ ಅಂತೀರಿ. ಖರೇನ, ಈ ಪ್ರಶ್ನಿ ನನ್ನೂ ಬಿಟ್ಟಿಲ್ಲ. ಮೂರು ದಿನ ಕಾಂಕ್ರೀಟಿನಡಿ ಇದ್ದೂ ಜೀವಂತ ಬಂದವರಿದ್ರು, ಊರಿಗೂರ ಕೈ ಮುಗೀತು. ಅವರನ್ನ ಸಿದ್ಧಾರೂಢ ಅಜ್ಜ ಕಾಯ್ದ ಅಂದ್ರು ಮಂದಿ. ಬಾಜೂಕ ಸತ್ತವರು ಏನು ತಪ್ಪು ಮಾಡಿದ್ರು? ಹಿಂದಿನ ಜನ್ಮದ ಕರ್ಮ ಅಂತ ಮಗನ್ನ ಕಳಕೊಂಡ ತಾಯಿ ಮುಂದ ಹೇಳಾಕ ನನ್ನ ನಾಲಗಿ ಏಳೂದಿಲ್ರಿ. ನೀವೂ ಹೇಳಬ್ಯಾಡ್ರಿ.

ನಮ್ಮ ಸಾಧನಕೇರಿ ಬೇಂದ್ರೆ ಅಜ್ಜಾರನ್ನ ನೋಡ್ರಿ. ಎಷ್ಟು ಮಕ್ಕಳನ್ನ ಮಣ್ಣಿಗೆ ಕೊಟ್ರು! ಕೂಸು ಹ್ವಾದಾಗ ಹೆಂಡತಿ ನೋಡಿದ ನೋಟ ತಾಳಲಾರದ ಒಂದು ಹಾಡು ಬರದ್ರಲ್ಲ, ಅದನ್ನ ಕೇಳಿದ್ರ ಇವತ್ತಿಗೂ ಎದಿ ಒಡೀತೈತಿ. ಆಗಿದ್ದೆಲ್ಲಾ ಒಳ್ಳೇದಕ್ಕ ಅನ್ನೂ ಸಮಾಧಾನ ಅದರಾಗಿಲ್ಲ. ದುಃಖಾನ ದುಃಖ ಅಂತನ ಬರದ್ರು, ದೇವರನ್ನೂ ಬಿಡಲಿಲ್ಲ. ಅಂಬಿಕಾತನಯದತ್ತ ಅಂತ ತಾಯಿ ಹೆಸರು ಹಿಡಕೊಂಡ ಬರಕೋತ ಹ್ವಾದ್ರು. ಅಷ್ಟು ದೊಡ್ಡ ಕವಿಗೇ ಸಿಗದ ಸಮಜಾಯಿಷಿ ನಮ್ಮಂಥವರು ಎಲ್ಲಿಂದ ತರೂಣು?

ದೇವರ ನ್ಯಾಯ ಐತಿ, ನಂಬೀನಿ ನಾನು. ನನ್ನ ಕಣ್ಣಿಗೆ ಕಾಣೂವಷ್ಟಕ್ಕ ಅದು ಮುಗಿಯೂದಿಲ್ಲ. ಆದ್ರ ಅದನ್ನ ನಂಬಿದಾವ ಇಲ್ಲಿ ಕೈ ಕಟ್ಟಿ ಕುಂಡ್ರಬಾರದು. ಸತ್ತವರ ಮನಿ ಮಂದಿ ಕೋರ್ಟಿಗೆ ಅಡ್ಡ್ಯಾಡೂ ಹೊತ್ತಿನ್ಯಾಗ, ‘ಮ್ಯಾಲಿನಾಂವ ನೋಡ್ಕೋತಾನ, ಬಿಡವಾ’ ಅಂದ್ರ ಅವರಿಗೆ ಇನ್ನೊಂದು ಪೆಟ್ಟು ಕೊಟ್ಟಂಗ ಆಗ್ತೈತಿ.

ಅಂದಂಗ, ಆ ತುದಿ ಮನಿ ಮ್ಯಾಲೆ ಮತ್ತೊಂದು ಅಂತಸ್ತು ಎಬ್ಬಸಾಕತ್ತಾರಲ್ಲ, ಪರವಾನಗಿ ಐತೋ ಇಲ್ಲೋ? ನಾಳೆ ನಾ ಪಾಲಿಕೆಗೆ ಹೋಗಿ ಕೇಳಾಂವ ಅದೀನಿ. ಒಂದು ಅರ್ಜಿನೂ ಬರದೀನಿ. ಓದಿ ನೋಡ್ರಿ, ನೀವೂ ಒಂದು ಸಹಿ ಹಾಕ್ರಿ.