ಅರ್ಧ ತಾಸಿನ ಶಿವಮೊಗ್ಗ

ಶಿವಮೊಗ್ಗದಲ್ಲಿ ಬೀಗರ ಕಡೆಯ ಮದುವೆ. ಕರ್ಜಗಿಯ ಚಹಾದಂಗಡಿ ಬೆಂಚಿನ ಮೇಲೆ ಕೂತು, ಫೋನ್ ನೋಡುತ್ತ, ನಾನು ಬಾಯಿ ಬಿಟ್ಟೆ.

"ಕಾಕಾ, ಹುಬ್ಬಳ್ಳಿ ವಿಮಾನ ನಿಲ್ದಾಣದಿಂದ ಶಿವಮೊಗ್ಗದ ನಿಲ್ದಾಣಕ್ಕ ಬರೇ 175 ಕಿಲೋಮೀಟರ್ ಅಂತ್ರಿ. ಹಾರಿದ್ರ ಅರ್ಧ ತಾಸು!"

ಕಾಕಾ ಬಶಿಯಲ್ಲಿದ್ದ ಚಹಾ ಸೊರ್ರನೆ ಮುಗಿಸಿದರು. "ಹೌದನ? ಇಮಾನ ಎಷ್ಟಕ್ಕ ಐತಿ?"

"ನೇರ ವಿಮಾನ ಇಲ್ರಿ. ಇದು ಬರೇ ಲೆಕ್ಕ."

"ಅಂದ್ರ ಕೂಸು ಹುಟ್ಟೂಕಿಂತ ಮೊದ್ಲ ಕುಲಾವಿ ಹೊಲಿಸೀರಿ ಅನ್ನು."

ಓದಿದವನು ಸೋಲಬಾರದಲ್ಲ! ವಿವರಿಸಿದೆ. ಫೋನು ಎರಡೂ ನಿಲ್ದಾಣಗಳ ಅಕ್ಷಾಂಶ, ರೇಖಾಂಶ ಹಿಡಿದು ಭೂಮಿಯ ದುಂಡು ಮೈಮೇಲೆ ಅತಿ ಹತ್ತಿರದ ಗೆರೆ ಎಳೆಯುತ್ತದೆ. ಗಂಟೆಗೆ ಸುಮಾರು 500 ಕಿ.ಮೀ. ಹೋಗುವ ಎಟಿಆರ್ ವಿಮಾನಕ್ಕೆ ಅದು ಇಪ್ಪತ್ತೊಂದು ನಿಮಿಷದ ದಾರಿ. ಏರುವುದಕ್ಕೆ, ಇಳಿಯುವುದಕ್ಕೆ ಇನ್ನೊಂದಿಷ್ಟು.

"ಆ ಗೆರಿ ನಮ್ಮೂರ ಮ್ಯಾಲೆ ಹೋಗ್ತೈತೇನು?"

"ಇಲ್ರಿ, ಪಡುವಣಕ್ಕ ಒಂದಿಪ್ಪತ್ತು ಕಿಲೋಮೀಟರ್ ಆಚೆ."

"ಆಜೂಬಾಜೂನ ಆತಲ್ಲ. ಕಂಡಕ್ಟರಗ ಹೇಳಿದ್ರ ಇಳಸ್ತಾನ."

ಅಂಗಡಿ ತುಂಬ ನಗೆ. ಆದರೆ ಲೆಕ್ಕ ನಿಜವಾಗಿ ಕೆಟ್ಟದ್ದು ಆಮೇಲೆ. ಶಿವಮೊಗ್ಗ ಇರುವುದು ನಮಗೆ ದಕ್ಷಿಣಕ್ಕೆ. ವಿಮಾನ ಹತ್ತಲು ಎಪ್ಪತ್ತು ಕಿ.ಮೀ. ಉತ್ತರಕ್ಕೆ, ಹುಬ್ಬಳ್ಳಿಗೆ ಹೋಗಬೇಕು. ಎರಡು ತಾಸು ಮೊದಲೇ ಹಾಜರಿರಬೇಕು. ಅಲ್ಲಿಂದ ಬೆಂಗಳೂರಿಗೆ ಸುಮಾರು 370 ಕಿ.ಮೀ. ದೇವನಹಳ್ಳಿಯಲ್ಲಿ ಕಾದು ಕೂತು ಇನ್ನೊಂದು ವಿಮಾನ ಹತ್ತಿ ಹಿಂದಕ್ಕೆ ಸುಮಾರು 240. ಅಂತೂ 610 ಕಿ.ಮೀ. ಹಾರಿದ ಮೇಲೆ ಶಿವಮೊಗ್ಗದ ಸೋಗಾನೆಯಲ್ಲಿ, 2023ರ ಫೆಬ್ರವರಿ 27ರಂದು ಉದ್ಘಾಟನೆಯಾದ ಕಮಲದಾಕಾರದ ನಿಲ್ದಾಣದಲ್ಲಿ ಇಳಿಯಬಹುದು.

"ಬೆದರಿದ ಹೋರಿನೂ ಇಷ್ಟ ಸುತ್ತಂಗಿಲ್ಲೋ ತಮ್ಮಾ!"

"ವಿಮಾನ ಅಂದ್ರ ಹಗುರ ಮಾಡಬ್ಯಾಡ್ರಿ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಾಗ ಏರ್ ಡೆಕ್ಕನ್ ಶುರು ಮಾಡಿದಾಗ ಮೊದಮೊದಲ ಹಾರಿಸಿದ್ದು ನಮ್ಮ ಹುಬ್ಬಳ್ಳಿಗೇ."

"ನಾ ಇಮಾನಕ್ಕ ಏನೂ ಅನ್ನಾಕತ್ತಿಲ್ಲ. ನಿನ್ನ ಫೋನಿನ ಗಡಿಯಾರಕ್ಕ ಅನ್ನಾಕತ್ತೀನಿ." ಕಾಕಾ ಹೆಗಲ ಮೇಲಿನ ಟವೆಲ್ ಕೊಡವಿದರು. "ಕಾರಹುಣ್ಣಿವಿಗೆ ನಮ್ಮ ಬಂಡಿ ಓಡೂದು ಎಷ್ಟೊತ್ತು? ಕಣ್ಣು ಮುಚ್ಚಿ ತೆಗಿಯೂದ್ರಾಗ ಮುಗೀತು. ಎತ್ತಿನ ಮೈ ತೊಳದು, ಕೊಂಬಿಗೆ ಬಣ್ಣಾ ಹಚ್ಚಿ, ಜೂಲಾ ಹೊದಿಸಿ ತರೂದು ಮುಂಜಾನಿಯಿಂದ ನಡದಿರ್ತೈತಿ. ನಿನ್ನ ಫೋನು ಓಟದ ಹೊತ್ತು ಹೇಳ್ತೈತಿ. ಎತ್ತು ತೊಳಿಯೋರ ಹೊತ್ತು ಹೇಳಂಗಿಲ್ಲ."

ಉತ್ತರ ಹೊಳೆಯದೆ ನಾನು ಫೋನ್ ಕಿಸೆಗಿಟ್ಟೆ. "ನೀವು ಹೆಂಗ ಹೋಗ್ತೀರಿ ಮತ್ತ?"

"ಹಾವೇರಿಗೆ ಹೋಗಿ ಕೆಂಪು ಬಸ್ಸು ಹತ್ತೂದು. ರಾಣೆಬೆನ್ನೂರ ಬರೂತನಾ ಒಂದು ನಿದ್ದಿ. ಅಕ್ಕಿಕಾಳಿನ ಹೊತ್ತಿಗೆ ಮಂಟಪದಾಗ ಇರ್ತೀನಿ. ನೀ ಆರಾಮ ಇಮಾನದಾಗ ಬಾ. ಪಂಕ್ತಿಯೊಳಗ ನಿನ್ನ ಎಲಿ ಹಿಡದಿಟ್ಟಿರ್ತೀನಿ."

"ಊಟ ಮುಗಿಯೂಕಿಂತ ಮೊದ್ಲ ಬರ್ತೀನಿ ಬಿಡ್ರಿ."

"ಮುಗದ್ರ ಏನಾತು? ಮರುದಿನ ಬೀಗರೂಟ ಇರ್ತೈತಿ."