ಹೆಸರಿಗೆ ಗತಿಯಿಲ್ಲದ ವ್ಯಾನು

ಸೆಕೆಂಡ್ ಹ್ಯಾಂಡ್ ಬಿಳಿ ಓಮ್ನಿ ತಂದವನು ನಾನೇ. ಅದರ ಬೆನ್ನಿಗೆ ಭರ್ಜರಿ ಹೆಸರು ಬರೆಸಬೇಕೆಂಬ ಚಪಲವೂ ನನ್ನದೇ. ಎರಡು ರೂಮಿನ ಮನೆಗೆ ‘ಸೌಧ’ ಅಂತ ಬರೆಸಿಕೊಂಡ ನಿಮಗೆ ಇದು ಅರ್ಥವಾಗುತ್ತದೆ.

“‘ರಥ’ ಅಂತ ಬರೆಸೋಣ” ಅಂದೆ. ಹೆಂಡತಿ ಸೌಟು ಹಿಡಿದೇ ಈಚೆ ಬಂದಳು. “ಯಾವ ರಥ ರೀ, ವೈಕುಂಠ ರಥವಾ?” ಒಳಗಿಂದ ಅಮ್ಮ, “ಬಿಡ್ತು ಅನ್ನೇ!” ಅಂತ ಕೂಗಿದರು. ಬಿಡ್ತು ಅಂದಳು. ರಥವೂ ಬಿಡ್ತು.

‘ಪುಷ್ಪಕ ವಿಮಾನ’ ಹೇಗೆ ಅಂತ ಮಹಡಿ ಮೇಲಿನ ಗದಗಿನ ಮೇಷ್ಟ್ರನ್ನು ಕೇಳಿದೆ. “ಹೂವಿಂದು ವಿಮಾನ ಏನ್ರಿ? ನಮ್ಮ ಕಡೆ ಲಿಂಗಾಯತರೊಳಗ ಹೋದವರನ್ನ ಕುಂಡ್ರಿಸಿಕೊಂಡು ಒಯ್ಯೂದ ಅದರಾಗ ನೋಡ್ರಿ” ಅಂದರು. ಹೋಗಲಿ, ‘ಅಮರ’? ತಮಿಳುನಾಡಿನ ಶವದ ಗಾಡಿಯ ಮೇಲೆ ಬರೆಯುವುದೇ ‘ಅಮರರ್ ಊರ್ದಿ’. ‘ಮುಕ್ತಿ’, ‘ಶಾಂತಿ’ ಎತ್ತುವ ಹಾಗೇ ಇಲ್ಲ. ಆಂಧ್ರದವರು ಸರ್ಕಾರದ ಉಚಿತ ಗಾಡಿಗೆ ‘ಮಹಾಪ್ರಸ್ಥಾನಂ’ ಅಂತಲೇ ಇಟ್ಟರು. ಧರ್ಮರಾಯ ನಡೆದುಕೊಂಡೇ ಹೋಗಿದ್ದ, ಪಾಪ. ಒಳ್ಳೊಳ್ಳೆ ಹೆಸರನ್ನೆಲ್ಲ ಸತ್ತವರು ಮುಂಗಡ ಬುಕ್ ಮಾಡಿಬಿಟ್ಟರೆ ಉಸಿರಾಡುವವರು ಎಲ್ಲಿಗೆ ಹೋಗಬೇಕು?

ಇಂಗ್ಲಿಷಿನಲ್ಲಾದರೂ ಬಚಾವಾಗೋಣವೆಂದರೆ ಮಗಳು ಪಾಠ ಶುರು ಮಾಡಿದಳು. ಶವದ ಗಾಡಿಗೆ ಅನ್ನುವ ‘ಹರ್ಸ್’ ಅಂದರೆ ಮೊದಲು ಹೆಂಟೆ ಒಡೆಯುವ ಹಲ್ಲುಕುಂಟೆಯಂತೆ. ಚರ್ಚಿನಲ್ಲಿ ಶವದ ಮೇಲೆ ಮೇಣದಬತ್ತಿ ನಿಲ್ಲಿಸುವ ಚೌಕಟ್ಟು ಅದೇ ಆಕಾರದಲ್ಲಿತ್ತಂತೆ. ಹೆಸರು ಅದಕ್ಕೆ ಹತ್ತಿ, ಆಮೇಲೆ ಗಾಡಿಗೂ ಹತ್ತಿತಂತೆ. ಮಗ ಇನ್ನೂ ಒಂದು ಹೆಜ್ಜೆ ಮುಂದೆ. ಜಪಾನಿನಲ್ಲಿ ಹೆಬ್ಬೆರಳೆಂದರೆ ‘ಹೆತ್ತವರ ಬೆರಳು’. ಶವದ ಗಾಡಿ ಎದುರಾದಾಗ ಅದನ್ನು ಮುಷ್ಟಿಯಲ್ಲಿ ಬಚ್ಚಿಡದಿದ್ದರೆ ಅಪ್ಪ-ಅಮ್ಮನಿಗೆ ಕೇಡು ಅನ್ನುತ್ತಾರಂತೆ. ಈಗ ನಾನು ವ್ಯಾನು ತಿರುಗಿಸಿಕೊಂಡು ಬಂದರೆ ಸಾಕು, ಗೇಟಿನಲ್ಲಿ ನಿಂತ ಮಗ ಎರಡೂ ಮುಷ್ಟಿ ಬಿಗಿಯುತ್ತಾನೆ. ಗೇಟು ತೆಗೆಯಲು ಬೆರಳಿಗೇ ಬಿಡುವಿಲ್ಲ. ನಾನೇ ಇಳಿಯಬೇಕು. ಪಿತೃಭಕ್ತಿಗೆ ಬೈಯುವುದಾದರೂ ಹೇಗೆ?

“ಹೊರಟಾಗ ಹೆಣ ಎದುರಾದರೆ ಶುಭಶಕುನ ಅಂತ ನೀನೇ ಹೇಳ್ತಿದ್ಯಲ್ಲಮ್ಮ” ಅಂತ ಕಡೆಯ ಅಸ್ತ್ರ ಬಿಟ್ಟೆ.

“ಎದುರಾದ್ರೆ ಕಣೋ. ಒಳಗೆ ಕೂತ್ರಲ್ಲ.”

ಪೇಂಟರು ಬ್ರಷ್ ಒಣಗುತ್ತಿದೆ ಅಂತ ಗೊಣಗಿದ. ನಾನು ಯೋಚಿಸುತ್ತ ಕಾಫಿಗೆ ಒಳಗೆ ಹೋಗಿ ಬರುವಷ್ಟರಲ್ಲಿ ಹೆಂಡತಿ ತೀರ್ಪು ಕೊಟ್ಟಾಗಿತ್ತು. ಹಿಂದಿನ ಗಾಜಿನ ತುಂಬ ಕೆಂಪು ಅಕ್ಷರ: ‘ಅತ್ತೆ ಮಾವನ ಆಶೀರ್ವಾದ’. ಕಂತು ಕಟ್ಟುವವನು ನಾನು. ಮಾವನವರು ಕೊಟ್ಟಿದ್ದು ಚಕ್ರದಡಿಗಿಡಲು ಒಂದು ನಿಂಬೆಹಣ್ಣು, ಅದೂ ನಮ್ಮ ಫ್ರಿಜ್ಜಿನದೇ.